ವಿಶ್ವಶಾಂತಿ ಮತ್ತು ವಸಂತಾಬಾಯಿ

ಯಾಕೂಬಸಾಬರು ವಿಶ್ವಶಾಂತಿಯ ಗೊಡವೆಗೆ ತಾವಾಗಿ ಹೋದವರಲ್ಲ. ಇಂಡಿಯ ಬಸ್ ಸ್ಟ್ಯಾಂಡಿನಲ್ಲಿ ಇಪ್ಪತ್ತಾರು ವರ್ಷ ಕಂಟ್ರೋಲರ್ ಆಗಿ, ಸಿಂದಗಿ ಬಸ್ಸನ್ನು ಸಿಂದಗಿಗೂ ಮುದ್ದೇಬಿಹಾಳ ಬಸ್ಸನ್ನು ಮುದ್ದೇಬಿಹಾಳಕ್ಕೂ ಸರಿಯಾಗಿ ಕಳಿಸಿ ನಿವೃತ್ತರಾದ ಮನುಷ್ಯ. ಜಗತ್ತು ಎತ್ತ ಹೊರಟಿದೆ ಎಂದು ನೋಡುವುದು ಅವರ ಡ್ಯೂಟಿಯಾಗಿರಲಿಲ್ಲ.

ಆದದ್ದಿಷ್ಟು. ಪಿಂಚಣಿ ತಿನ್ನುವವರು ವರ್ಷಕ್ಕೊಮ್ಮೆ ತಾವಿನ್ನೂ ಬದುಕಿದ್ದೇವೆಂದು ಸರಕಾರಕ್ಕೆ ಖಾತ್ರಿ ಮಾಡಿಕೊಡಬೇಕು. ಈ ಸಲ ಅದನ್ನು ಮೊಬೈಲಿನಲ್ಲೇ ಮಾಡಬಹುದೆಂದು ನಿವೃತ್ತರ ಗ್ರೂಪಿನಲ್ಲಿ ಯಾರೋ ಒಂದು ಲಿಂಕು ಹಾಕಿದರು. ಅದರ ಕೆಳಗೇ ಇನ್ಯಾರೋ ಇನ್ನೊಂದು ಲಿಂಕು ಹಾಕಿದ್ದರು. ಯಾಕೂಬಸಾಬರ ಹೆಬ್ಬೆರಳು ದಪ್ಪ. ಅದು ಎರಡನೆಯದರ ಮೇಲೆ ಬಿತ್ತು. ಕನ್ನಡದಲ್ಲೇ ಇದ್ದ ಆ ಫಾರ್ಮು ಹೆಸರು, ಊರು, ವಯಸ್ಸು ಕೇಳಿದ ಮೇಲೆ ‘ನಿಮಗೆ ಶಾಂತಿ ಬೇಕೇ?’ ಎಂದಿತು. ಯಾಕೂಬಸಾಬರ ಕಣ್ಣು ತೇವವಾಯಿತು. ಇಷ್ಟು ವರ್ಷದಲ್ಲಿ ಇಲಾಖೆ ಈ ಮಾತು ಕೇಳಿದ್ದೇ ಇಲ್ಲ. ಹೌದು ಎಂದು ಒತ್ತಿದರು. ‘ನಿಮಗೆ ನ್ಯಾಯ ಬೇಕೇ?’ ಹೌದು. ‘ವಸಾಹತುಶಾಹಿ ತೊಲಗಬೇಕೇ?’ ಅದೇನೆಂದು ತಿಳಿಯಲಿಲ್ಲ. ಆದರೆ ಪಿಂಚಣಿ ಆಫೀಸಿಗೆ ‘ಇಲ್ಲ’ ಎಂದವರ ಫೈಲು ಮುಂದೆ ಹೋಗುವುದಿಲ್ಲವೆಂಬುದು ಅವರ ಅನುಭವ. ಹೌದು, ತೊಲಗಲಿ.

ಹದಿನೈದು ದಿನಕ್ಕೆ ಬಣ್ಣಬಣ್ಣದ ಸರ್ಟಿಫಿಕೇಟು ಬಂತು. ‘ವಿಶ್ವಶಾಂತಿ, ಸಾಮಾಜಿಕ ನ್ಯಾಯ ಹಾಗೂ ವಸಾಹತು ವಿಮೋಚನಾ ಜಾಲ. ಶ್ರೀ ಯಾಕೂಬಸಾಬ, ಇಂಡಿ ತಾಲೂಕಾ ಸಂಚಾಲಕರು.’ ಸರ್ವೀಸಿನುದ್ದಕ್ಕೂ ಕಾಗದಪತ್ರದಲ್ಲಿ ‘ಸಂಚಾರ ನಿಯಂತ್ರಕ’ ಆಗಿದ್ದವರು ಈಗ ‘ಸಂಚಾಲಕ’. ನಿವೃತ್ತಿಯಾದ ಮೇಲೆ ಬಡ್ತಿ ಸಿಕ್ಕ ಮನುಷ್ಯ ಇಂಡಿ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ. ಅವರು ಅದಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದರು.

ಹೆಂಡತಿ ಸಗೀರಾ ಅದನ್ನು ಮೇಲಿಂದ ಕೆಳಗಿನವರೆಗೂ ಓದಿ, “ಇದರಾಗ ನೀವು ಬದುಕೀರಿ ಅಂತ ಎಲ್ಲಿ ಬರದಾರ?” ಎಂದು ಕೇಳಿದಳು.

ಮಹತ್ವದ ಪ್ರಶ್ನೆಯೇ. ಉತ್ತರ ಹುಡುಕುವಷ್ಟರಲ್ಲಿ ಫೋನು ಬಂತು.

“ನಮಸ್ಕಾರ ಯಾಕೂಬಸಾಬರೇ. ನಾನು ನಿಷತ, ಜಾಲದ ಹೆಡ್ಡಾಫೀಸಿನಿಂದ ಮಾತನಾಡುತ್ತಿದ್ದೇನೆ.” ಹೆಣ್ಣುಧ್ವನಿ, ಪಠ್ಯಪುಸ್ತಕದಿಂದ ಆಗಷ್ಟೇ ಎದ್ದು ಬಂದಂಥ ಕನ್ನಡ. “ಬರುವ ಶನಿವಾರ ಸಂಜೆ ನಾಲ್ಕೂವರೆಗೆ ನಮ್ಮ ಜಾಗತಿಕ ಸಭೆಯಿದೆ. ನಲವತ್ತು ದೇಶದವರು ಮೊಬೈಲಿನಲ್ಲೇ ಸೇರುತ್ತಾರೆ. ನಿಮ್ಮ ತಾಲೂಕಿಗೆ ಮೂರು ನಿಮಿಷ. ನಿಮ್ಮಲ್ಲಿಯ ಮುಖ್ಯ ಸಂಘರ್ಷ ಯಾವುದು, ಅದನ್ನು ಹೇಗೆ ಬಗೆಹರಿಸಿದಿರಿ, ಅಷ್ಟು ಹೇಳಿದರೆ ಸಾಕು.”

“ಸಂಘರ್ಷ ಅಂದ್ರ?”

“ಜಗಳ. ಎರಡು ಕಡೆಯವರ ನಡುವಿನ ಜಗಳ.”

“ಜಗಳ ಇಲ್ರಿ ಮೇಡಂ.”

“ಇರಲೇಬೇಕು. ಫಾರ್ಮಿನಲ್ಲಿ ಆ ಖಾನೆ ಖಾಲಿ ಬಿಟ್ಟರೆ ಮುಂದಕ್ಕೆ ಹೋಗುವುದೇ ಇಲ್ಲ.”

“ಬಸ್ಸಿನ್ಯಾಗ ಟವೆಲ್ ಒಗದು ಸೀಟ ಹಿಡಿಯೋದರ ಮ್ಯಾಲ ದಿನಾ ಆಗತಾವ ನೋಡ್ರಿ.”

“ಅದು ಸಂಘರ್ಷವಲ್ಲ.”

“ನೀವು ಮುಂಜಾನಿ ಆರು ಗಂಟೆದ ಮುದ್ದೇಬಿಹಾಳ ಬಸ್ಸ ನೋಡಿಲ್ಲ ಅನ್ನಸ್ತೈತಿ.”

ನಿಷತ ಮೇಡಂ ನಿಟ್ಟುಸಿರು ಬಿಟ್ಟರು. ಯಾಕೂಬಸಾಬರು ಹಿಂಜರಿಯುತ್ತ, ಈ ವಸಾಹತುಶಾಹಿ ಅಂದರೆ ಏನೆಂದೂ ಕೇಳಿದರು. ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೇಳದೆ ಬಂದು ಕುಳಿತು, ಅಲ್ಲಿಯದನ್ನೆಲ್ಲ ತಮ್ಮದೇ ಎನ್ನುವುದು ಎಂದು ಮೇಡಂ ತಿಳಿಸಿ ಹೇಳಿದರು. ಯಾಕೂಬಸಾಬರ ದೃಷ್ಟಿ ಕಿಟಕಿಯಿಂದ ಹಿತ್ತಿಲಿಗೆ ಹೋಯಿತು. ಪಕ್ಕದ ಮನೆಯ ಲಿಂಬಿಗಿಡದ ಒಂದು ಟೊಂಗೆ ಗೋಡೆ ದಾಟಿ, ಕೇಳದೆ ಬಂದು, ಇವರ ಹಿತ್ತಿಲಲ್ಲಿ ಆರಾಮಾಗಿ ಒರಗಿತ್ತು.

ಪಕ್ಕದ ಮನೆ ಗುರಪ್ಪ ಮಾಸ್ತರರದು. ಹೊರ್ತಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಧ್ವನಿ ಎಷ್ಟು ಮೆತ್ತಗೆಂದರೆ, ಅವರು ಹಾಜರಿ ಕರೆದಾಗ ಹುಡುಗರು ಒಬ್ಬರ ಮುಖ ಒಬ್ಬರು ನೋಡಿ, ಯಾರ ಸರದಿಯೆಂದು ಅಂದಾಜಿನ ಮೇಲೆ ‘ಎಸ್ ಸರ್’ ಅನ್ನುತ್ತಿದ್ದರಂತೆ. ಮೂವತ್ತೆಂಟು ವರ್ಷದಿಂದ ಇಬ್ಬರೂ ನೆರೆಹೊರೆ. ಆ ಟೊಂಗೆಯ ಕಾಯಿ ಸಗೀರಾಳ ಹಿತ್ತಿಲಲ್ಲಿ ಬೀಳುತ್ತದೆ, ಅವಳು ಉಪ್ಪಿನಕಾಯಿ ಹಾಕುತ್ತಾಳೆ, ಅರ್ಧ ಭರಣಿ ಗೋಡೆಯ ಮೇಲಿಂದ ವಾಪಸು ಹೋಗುತ್ತದೆ. ಇದರಲ್ಲಿ ಜಗಳದ ವಾಸನೆಯೂ ಇರಲಿಲ್ಲ. ಇರಲಿಲ್ಲವೆಂಬುದೇ ಈಗಿನ ತೊಂದರೆ.

“ದೋಸ್ತ, ನಮ್ಮಿಬ್ಬರದೊಂದು ಜಗಳಾ ಬೇಕಾಗೈತಿ,” ಎಂದರು ಯಾಕೂಬಸಾಬರು ಗೋಡೆಗೆ ಮೊಣಕೈ ಊರಿ.

“ಯಾವಾಗ?” ಎಂದರು ಮಾಸ್ತರರು, ಏಣಿ ಕೇಳಲು ಬಂದವರನ್ನು ಕೇಳಿದಂತೆ.

ವಿಷಯವೆಲ್ಲ ಕೇಳಿದ ಮೇಲೆ ಮಾತ್ರ ಅವರ ಬಣ್ಣ ಇಳಿಯಿತು. “ಏ ಯಾಕೂಬ, ರವಿವಾರ ಮಸೂತಿ ಊರವರು ಸುನಂದಾನ್ನ ನೋಡಾಕ ಬರಾಕತ್ತಾರ. ನೀನ ಕುದುರಿಸಿದ ಸಂಬಂಧ. ಇದರಾಗ ಇದೇನು ತಂದಿ?”

ಸುನಂದಾ ಮಾಸ್ತರರ ಒಬ್ಬಳೇ ಮಗಳು, ಮುದ್ದೇಬಿಹಾಳದಲ್ಲಿ ನರ್ಸು. ಮಸೂತಿಯ ರೇಣವ್ವ ಎಂಬ ಮುದುಕಿ ವರ್ಷಕ್ಕೆ ನಾಲ್ಕು ಸಲ ಮಗಳ ಊರಿಗೆ ಹೋಗುವಾಗ ಇಂಡಿಯಲ್ಲಿ ಬಸ್ಸು ಬದಲಿಸುತ್ತಿದ್ದಳು. ಅವಳಿಗೆ ಪ್ರತಿ ಸಲ ಕಿಟಕಿ ಪಕ್ಕದ ಸೀಟು ಕೊಡಿಸಿ ಕೊಡಿಸಿಯೇ ಯಾಕೂಬಸಾಬರು ಅವಳ ಮೊಮ್ಮಗ ಅನೀಲಕುಮಾರನಿಗೆ ಈ ಹುಡುಗಿಯನ್ನು ಗೊತ್ತು ಮಾಡಿದ್ದರು. ಅವನಿಗೆ ಬಾಗೇವಾಡಿಯ ಪಶು ಆಸ್ಪತ್ರೆಯಲ್ಲಿ ನೌಕರಿ.

“ಟಾಯಮ್ ಟೇಬಲ್ ನೋಡಪಾ,” ಎಂದರು ಯಾಕೂಬಸಾಬರು. “ಶುಕ್ರವಾರ ಮುಂಜಾನಿ ಜಗಳಾ. ಶನಿವಾರ ಮುಂಜಾನಿ ರಾಜಿ. ಸಂಜಿಕ ವಿಶ್ವಸಭಾ. ರವಿವಾರ ಮಸೂತಿಯವರು. ಒಂದಕ್ಕೊಂದು ಕ್ರಾಸಿಂಗ್ ಇಲ್ಲ.”

“ಜಾತಿ, ಧರ್ಮದ ಮಾತು ಬಂದ್ರ ನಾ ಒಲ್ಲೆ.”

“ಛೇ! ಆ ಖಾನಿ ನಾನೂ ಮುಟ್ಟಂಗಿಲ್ಲ. ಲಿಂಬಿ ಟೊಂಗಿ ಮ್ಯಾಲ ಜಗಳಾ, ಮೇಡಮ್ಮಗ ನಿನ್ನ ಹೆಸರೂ ಕೊಟ್ಟೇನಿ. ಮನ್ಯಾಗ ಹೇಳಬ್ಯಾಡ ಮತ್ತ. ಹೆಣ್ಮಕ್ಕಳು ಖರೇನ ಹೌಹಾರಿದರ ಸಭಾದಾಗ ತೋರಸೋ ವಿಡಿಯೋ ಚಲೋ ಬರ್ತೈತಿ.”

ಮನುಷ್ಯನು ತನ್ನ ಗುಂಡಿಯನ್ನು ತಾನೇ ತೋಡಿ ಅಳತೆ ನೋಡುವುದೆಂದರೆ ಇದೇ.

ಶುಕ್ರವಾರ ಏಳೂವರೆಗೆ ಯಾಕೂಬಸಾಬರು ಮೊಬೈಲನ್ನು ಗೋಡೆಯ ಮೇಲೆ ಇಟ್ಟಿಗೆಗೆ ಆನಿಸಿ ನಿಲ್ಲಿಸಿ, ರಸ್ತೆಗೆ ಕೇಳುವಂತೆ ಗರ್ಜಿಸಿದರು. ಮೈಕು ಕೆಟ್ಟ ದಿನಗಳಲ್ಲಿ ಇಡೀ ಬಸ್ ಸ್ಟ್ಯಾಂಡಿಗೆ ಕೇಳಿಸಿದ ಗಂಟಲು ಅದು.

“ಗುರಪ್ಪಾ! ಹೊರಗ ಬಾ! ನಿನ್ನ ಟೊಂಗಿ ನನ್ನ ಹಿತ್ತಲಾ ಹೊಕ್ಕೈತಿ!”

ಮಾಸ್ತರರು ಹೊರಗೆ ಬಂದರು. ಮಾತು ಮರೆತುಹೋಗಿತ್ತು. “ಚಹಾ ಆತೇನು?” ಎಂದುಬಿಟ್ಟರು.

“ಚಹಾ ಬ್ಯಾಡ!” ಎಂದು ಯಾಕೂಬಸಾಬರು ಕಣ್ಸನ್ನೆ ಮಾಡಿದರು. “ಇದು ವಸಾಹತುಶಾಹಿ! ನಾ ಸುಮ್ಮನಿರಂಗಿಲ್ಲ! ವಸಾಹತುಶಾಹಿ!”

ಮಾಸ್ತರರಿಗೆ ಆಗ ತಮ್ಮ ಸಾಲು ನೆನಪಾಯಿತು. ಜೀವಮಾನದಲ್ಲಿ ಮೊದಲ ಸಲ ಏರಿಸಿದ ಧ್ವನಿ. ಅದು ಎಲ್ಲಿ ನಿಲ್ಲಬೇಕೆಂದು ಅದಕ್ಕೇ ಗೊತ್ತಿರಲಿಲ್ಲ. “ನಂದ ವಸಾಹತುಶಾಹಿ ಅಲ್ಲ! ನಿಂದ ವಸಾಹತುಶಾಹಿ!”

“ನಿಂದ!”

“ನಿಂದ ಅಂದ್ರ ನಿಂದ!”

ಎದುರು ಮನೆಯ ಹುಚ್ಚವ್ವ ಅಂಗಳಕ್ಕೆ ನೀರು ಹೊಡೆಯುತ್ತಿದ್ದಳು. ಎಂಬತ್ತರ ಕಿವಿ. ಕೊಡ ಕೆಳಗಿಟ್ಟು, ಸೆರಗಿನಿಂದ ಕಿವಿ ಒರೆಸಿಕೊಂಡು ಮತ್ತೆ ಕೇಳಿದಳು. ಆಮೇಲೆ ಸೀದಾ ನಲ್ಲಿಯ ಸಾಲಿಗೆ ಹೋಗಿ, “ಏನರೇ ಅನ್ರಿ, ಈ ವಯಸ್ಸಿನ್ಯಾಗ ಇಬ್ಬರೂ ಒಬ್ಬಾಕಿ ಸಲುವಾಗಿ ಬಡದಾಡಬಾರದಾಗಿತ್ತು,” ಎಂದಳು.

“ಯಾರ ಸಲುವಾಗಿ?”

“ವಸಂತಾಬಾಯಿ! ನಿಂದ ವಸಂತಾಬಾಯಿ, ನಿಂದ ವಸಂತಾಬಾಯಿ ಅಂತ ಇಂವ ಅಂವನ ಮ್ಯಾಲ, ಅಂವ ಇವನ ಮ್ಯಾಲ ಹಾಕಾಕತ್ತಾರ. ಪಾಪ, ಆಕೀ ಗತಿ ಏನು?”

ಯಾಕೂಬಸಾಬರು ವಿಡಿಯೋ ಸರಿಯಾಗಿ ಬಂದಿದೆಯೇ ಎಂದು ನೋಡುವಷ್ಟರಲ್ಲಿ ಸುದ್ದಿ ಬಸ್ ಸ್ಟ್ಯಾಂಡು ಮುಟ್ಟಿತ್ತು. ಒಂದೂ ಬಸ್ಸು ತಪ್ಪದಂತೆ ಹೊರಡಬೇಕೆಂದು ಅವರೇ ಅಲ್ಲಿ ಶಿಸ್ತು ತಂದಿದ್ದರು. ಸುದ್ದಿ ಅದೇ ಶಿಸ್ತಿನಲ್ಲಿ ಹೊರಟಿತು. ಎಂಟೂಕಾಲರ ಬಸ್ಸಿನಲ್ಲಿ ಸಿಂದಗಿಗೆ ಹೋದಾಗ ವಸಂತಾಬಾಯಿ ಬೆಳ್ಳಗಿನ ಹೆಂಗಸಾದಳು. ಮುದ್ದೇಬಿಹಾಳ ಮುಟ್ಟುವಷ್ಟರಲ್ಲಿ ನರ್ಸ್ ಆಗಿದ್ದಳು. ಬಸವನ ಬಾಗೇವಾಡಿಯಲ್ಲಿ ಅವಳಿಗೆ ಒಂದು ಪ್ಲಾಟೂ ಬಂತು, ಅದು ಇಬ್ಬರು ಮುದುಕರ ಜಂಟಿ ಹೆಸರಿನಲ್ಲಿ ಇತ್ತು.

ಮಧ್ಯಾಹ್ನ ಮುದ್ದೇಬಿಹಾಳದ ಆಸ್ಪತ್ರೆಯಲ್ಲಿ, ರಕ್ತದೊತ್ತಡ ನೋಡಿಸಿಕೊಳ್ಳಲು ಬಂದ ಒಬ್ಬ ಕಂಡಕ್ಟರು ಸುನಂದಾಳನ್ನೇ ಕೇಳಿದ: “ಸಿಸ್ಟರ್, ನಿಮ್ಮಲ್ಲೆ ವಸಂತಾಬಾಯಿ ಅನ್ನಾಕಿ ಯಾರರಿ? ಇಂಡ್ಯಾಗ ಆಕಿ ಸಲುವಾಗಿ ಒಬ್ಬ ಕಂಟ್ರೋಲರ್, ಒಬ್ಬ ಡ್ರಾಯಿಂಗ್ ಮಾಸ್ತರ ಹೊಡದಾಡ್ಯಾರಂತ.” ಸುನಂದಾ ಅವನ ತೋಳಿನ ಪಟ್ಟಿಗೆ ಇನ್ನೆರಡು ಸಲ ಗಾಳಿ ಹೊಡೆದು, ರಜೆ ಬರೆದು ಕೊಟ್ಟು, ಮರುದಿನದ ಬಸ್ಸಿಗೆ ಸೀಟು ಕೇಳಿದಳು.

ಇತ್ತ ಮನೆಯಲ್ಲಿ ಸಗೀರಾ ಗ್ಯಾಸು ಬಂದ್ ಮಾಡಿ, ಬುರ್ಖಾ ಹಾಕಿಕೊಂಡು, ಪಕ್ಕದ ಮನೆಗೆ ಹೋದಳು. ಮಾಸ್ತರರ ಹೆಂಡತಿ ಇಂದುಬಾಯಿ ಬಾಗಿಲಲ್ಲೇ ನಿಂತಿದ್ದಳು.

“ಇಂದಕ್ಕಾ, ನಿಮ್ಮವರದೋ, ನಮ್ಮವರದೋ?”

“ಇಬ್ಬರೂ ಒಲ್ಲೆ ಅನ್ನಾಕತ್ತಾರ ಅಂದ್ರ ಇಬ್ಬರದೂ ಐತಿ. ಒಳಗ ಬಾ.”

ಒಳಗಿನಿಂದ ಚಿಲಕ ಬಿತ್ತು. ಮಾಸ್ತರರು ಹೊರಗೇ ಉಳಿದರು.

ಮಧ್ಯಾಹ್ನದ ನಮಾಜು ಮುಗಿಸಿ ಬಂದ ಯಾಕೂಬಸಾಬರಿಗೆ ಊಟದ ಬದಲು ಹವಾಲ್ದಾರ ಹಾಜಿಮಲಂಗ ಸಿಕ್ಕ. ಮೋಟಾರ್ ಸೈಕಲ್ಲಿನಿಂದ ಇಳಿಯದೆಯೇ ಹೇಳಿದ: “ಕಾಕಾ, ನಾಳೆ ನಾಲ್ಕಕ್ಕ ಸ್ಟೇಶನ್‌ದಾಗ ಶಾಂತಿಸಭಾ. ಅಲ್ಲೀತನಕ ನೀವಿಬ್ಬರೂ ಒಬ್ಬರ ಮನಿ ಕಡೆ ಒಬ್ಬರು ಹಾಯಬ್ಯಾಡ್ರಿ. ಸಾಹೇಬ್ರ ಆರ್ಡರ್ ಐತಿ.”

“ನಾಳೆ ಮುಂಜಾನಿ ನಮ್ಮ ರಾಜಿ ಐತಲ್ಲೋ!”

“ರಾಜಿ ನೀವ ಮಾಡ್ಕೊಂಡ್ರ ಪೊಲೀಸರು ಯಾಕ ಬೇಕ್ರಿ?” ಎಂದು ಹಾಜಿಮಲಂಗ ಹೊರಟುಹೋದ.

ಹೀಗೆ ಟಾಯಮ್ ಟೇಬಲ್ ಕೆಟ್ಟಿತು. ಇಬ್ಬರೂ ಗೋಡೆಯ ಎರಡು ಬದಿಗೆ ಕುಳಿತು, ಒಂದು ಗೇಣಿನ ಅಂತರದಲ್ಲಿ, ಫೋನಿನಲ್ಲಿ ಮಾತಾಡಿಕೊಂಡರು.

“ಯಾಕೂಬ, ಹೊಟ್ಟಿ ಹಸದೈತಿ.”

“ನನಗೂ. ನಿನ್ನ ಗಿಡದ ಲಿಂಬಿಕಾಯಿ ಅದಾವ. ಒಗೀಲೇನು?”

“ಮಸೂತಿಯವರಿಗೆ ಸುದ್ದಿ ಮುಟ್ಟಿದರ ಏನೋ?”

ಯಾಕೂಬಸಾಬರು ಕೈಗಡಿಯಾರ ನೋಡಿದರು. ಮಸೂತಿಗೆ ಎಷ್ಟು ಗಂಟೆಗೆ ಬಸ್ಸು ಮುಟ್ಟುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಶನಿವಾರ ನಾಲ್ಕಕ್ಕೆ ಪೊಲೀಸ್ ಸ್ಟೇಶನ್ನಿನ ಹಾಲ್ ತುಂಬಿತ್ತು. ಓಣಿಯ ಹಿರಿಯರು ಒಂದು ಕಡೆ, ಸಗೀರಾ–ಇಂದುಬಾಯಿ ಒಂದೇ ಬೆಂಚಿನಲ್ಲಿ ಇನ್ನೊಂದು ಕಡೆ, ನಡುವೆ ಆಪಾದಿತರು. ಆಗಷ್ಟೇ ಬಸ್ಸಿಳಿದು ಬಂದ ಸುನಂದಾ ಚೀಲವನ್ನೂ ಕೆಳಗಿಡದೆ ಕಂಬಕ್ಕೆ ಒರಗಿ ನಿಂತಿದ್ದಳು.

ಪಿಎಸ್ಐ ಸಾಹೇಬರು ನೀರು ಕುಡಿದು ಶುರು ಮಾಡಿದರು. “ನೋಡ್ರಿ ಹಿರೇರ, ಒಂದ ಕಾಗದದಾಗ ಯಾಕೂಬಸಾಬ, ಗುರಪ್ಪ ಅಂತ ಎರಡ ಹೆಸರು ಜಗಳಾ ಆಡಿ ಬಂದ್ರ ನನಗ ಮ್ಯಾಲಿಂದ ಹತ್ತ ಫೋನ್ ಬರ್ತಾವ. ಅದರಾಗ ನೀವು ಮೂರನೇ ಹೆಸರು ಹೆಂಗಸಿಂದ ತಂದೀರಿ. ಎಲ್ಲದಾಳ ವಸಂತಾಬಾಯಿ?”

“ಆಕಿ ಇಲ್ರಿ ಸಾಹೇಬ್ರ.”

“ಊರ ಬಿಟ್ಟ ಹೋದ್ಲು?”

“ಹುಟ್ಟೇ ಇಲ್ರಿ.”

ಸಾಹೇಬರು ರೈಟರನ ಕಡೆ ತಿರುಗಿದರು. “ಬರ್ಕೋ. ಸದರಿ ಮಹಿಳೆಯು ಇಲ್ಲಿಯತನಕ ಹುಟ್ಟಿರುವುದಿಲ್ಲವೆಂದು ಒಂದನೇ ಆಪಾದಿತರ ಹೇಳಿಕೆ.”

“ಅದು ಹೆಂಗಸಲ್ರಿ, ವಸಾಹತುಶಾಹಿ!” ಎಂದು ಯಾಕೂಬಸಾಬರು ಅಂಗಲಾಚಿದರು. “ನಾವು ಜಗಳಾ ಖರೇನ ಆಡಿಲ್ರಿ. ಆಡಿದಂಗ ಮಾಡಿದ್ವಿ.”

“ಯಾಕ?”

“ವಿಶ್ವಶಾಂತಿ ಸಲುವಾಗಿ.”

ಹಾಲಿನಲ್ಲಿ ಯಾರೋ ಕೆಮ್ಮಿದರು. ಗೆಳೆಯನ ನೆರವಿಗೆ ಮಾಸ್ತರರು ಎದ್ದು, ಕ್ಲಾಸಿನಲ್ಲಿ ನಿಂತಂತೆ ಕೈಕಟ್ಟಿ ವಿವರಿಸಿದರು: “ವಸಾಹತುಶಾಹಿ ಅಂದ್ರ, ಹಿಂದಕ ಇಂಗ್ಲಿಷರು ಬಂದು ನಮ್ಮ ಮನ್ಯಾಗ ಕುಂತು ನಮ್ಮನ್ನ ಆಳಿದರಲ್ರಿ, ಅದು.”

ಇಂದುಬಾಯಿ ಬೆಂಚಿನಿಂದ ಎದ್ದಳು. “ಅಂದ್ರ ಆಕಿ ಇಂಗ್ಲಿಷಾಕಿ?”

“ಇಬ್ಬರಿಗೂ ಇಂಗ್ಲಿಷ ಬರಂಗಿಲ್ಲ,” ಎಂದಳು ಸಗೀರಾ ನೊಂದ ಧ್ವನಿಯಲ್ಲಿ. “ಏನ ಮಾತಾಡತಿದ್ದರೋ ಏನೋ.”

ಅಷ್ಟರಲ್ಲಿ ಬಾಗಿಲಲ್ಲಿ ಕೋಲಿನ ಸಪ್ಪಳವಾಯಿತು. ಮಸೂತಿಯ ರೇಣವ್ವ. ರವಿವಾರಕ್ಕೆ ಕಾಯದೆ ಶನಿವಾರವೇ ಬಂದಿದ್ದಳು. ಹಿಂದೆ ಮೊಮ್ಮಗ ಅನೀಲಕುಮಾರ, ತನ್ನನ್ನು ಯಾರೂ ನೋಡದಿದ್ದರೆ ಸಾಕೆಂಬಂತೆ. ಮುದುಕಿ ಸಾಹೇಬರಿಗೆ ಕೈಮುಗಿದು, ಕೇಳದೆಯೇ ಅವರ ಮುಂದಿನ ಕುರ್ಚಿಯಲ್ಲಿ ಕುಳಿತಳು.

“ನಾವು ಬೀಗರಾಗಬೇಕಾದ ಮನಿ ಪಾ. ನಡೀಲಿ, ನಾನೂ ಕೇಳ್ತೇನಿ.”

ಸರಿಯಾಗಿ ಆ ಗಳಿಗೆಗೆ ಯಾಕೂಬಸಾಬರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ನಾಲ್ಕೂವರೆ. ಗಾಬರಿಯಲ್ಲಿ ದಪ್ಪ ಹೆಬ್ಬೆರಳು ಎಲ್ಲಿ ಬಿತ್ತೋ, ಸ್ಪೀಕರು ಚಾಲೂ ಆಗಿ ಹೆಣ್ಣುಧ್ವನಿ ಹಾಲಿಗೆಲ್ಲ ಕೇಳಿಸಿತು.

“ಯಾಕೂಬಸಾಬರೇ, ಎಲ್ಲಿದ್ದೀರಿ? ಎಷ್ಟು ಹೊತ್ತಿನಿಂದ ನಿಮ್ಮ ದಾರಿ ಕಾಯುತ್ತಿದ್ದೇನೆ! ಗುರಪ್ಪನವರೂ ಜೊತೆಗೆ ಇದ್ದಾರೆ ತಾನೆ? ಅವರನ್ನೂ ನೋಡಬೇಕು!”

“ಬಂದ್ಲು ನೋಡ್ರಿ ಸಾಹೇಬ್ರ,” ಎಂದಳು ಇಂದುಬಾಯಿ.

ಸಾಹೇಬರು ರೈಟರನಿಗೆ, “ಹುಟ್ಟಿರುವುದಿಲ್ಲ ಅನ್ನೋದನ್ನ ಹೊಡದ ಹಾಕು,” ಎಂದರು.

ರೇಣವ್ವ ಕೈಚಾಚಿದಳು. ಆ ಕೈಗೆ ಇಲ್ಲವೆನ್ನುವ ಧೈರ್ಯ ಸ್ಟೇಶನ್ನಿನಲ್ಲಿ ಯಾರಿಗೂ ಇರಲಿಲ್ಲ. ಯಾಕೂಬಸಾಬರು ಫೋನು ಕೊಟ್ಟರು. ಮುದುಕಿ ಅದನ್ನು ಕನ್ನಡಿ ಹಿಡಿದಂತೆ ಮುಖದ ಮುಂದೆ ಹಿಡಿದಳು. ಒಳಗೆ ಪಟ್ಟಿ ಪಟ್ಟಿಯಾಗಿ ನಲವತ್ತು ದೇಶದ ಮುಖಗಳು. ನಡುವೆ ಕನ್ನಡಕದ ಹೆಣ್ಣುಮಗಳೊಬ್ಬಳು.

“ಯಾವೂರಾಕಿಯವ್ವಾ ನೀ?”

“ಅಮ್ಮಾ, ನಾನು ನಿಷತ. ಸದ್ಯ ಹೊರದೇಶದಲ್ಲಿ ನೆಲೆಸಿ…”

“ಹೊರದೇಶ ಆಮ್ಯಾಲ ಹೇಳು. ಹುಟ್ಟಿದೂರು?”

“ಬಸವನ ಬಾಗೇವಾಡಿ.”

“ಯಾರ ಮಗಳು?”

“ಬಳೆಗಾರ ಅಯೂಬ ಅವರ…”

“ಬಳಿ ಅಯೂಬ? ಶ್ರಾವಣ ಬಂತಂದ್ರ ಹೆಗಲಿಗೆ ಬಳಿ ಹಾಕ್ಕೊಂಡು ಮಸೂತಿಗೆ ಬರ್ತಿದ್ದ, ಎಡಗಣ್ಣ ಸ್ವಲ್ಪ ಸಣ್ಣದು?”

“ಹೌದ್ರಿ ಆಯಿ! ಅಂವನ ನಮ್ಮಪ್ಪ!” ನಿಷತ ಮೇಡಂ ಅವರ ಪಠ್ಯಪುಸ್ತಕ ಅಲ್ಲಿಗೆ ಮುಚ್ಚಿತು. “ನೀವ ಮಸೂತಿಯವರೇನ್ರಿ? ನಮ್ಮಪ್ಪ ನಿಮ್ಮೂರಿಂದ ಬರುವಾಗ ನನಗ ಶೇಂಗಾ ತರ್ತಿದ್ದಾ!”

“ಆ ಶೇಂಗಾ ನಮ್ಮ ಹೊಲದ್ದು. ನನ್ನ ಮೂರೂ ಹೆಣ್ಣಮಕ್ಕಳ ಚೊಚ್ಚಲ ಬಸರಿನ ಕುಬಸಕ್ಕ ಬಳಿ ಇಡಿಸಿದಾಂವ ಅಂವ.” ರೇಣವ್ವ ಹಾಲಿನತ್ತ ತಿರುಗಿ ತೀರ್ಪು ಕೊಟ್ಟಳು: “ಅಯೂಬನ ಮಗಳು ಸುಳ್ಳ ಹೇಳಂಗಿಲ್ಲ. ಹೇಳು ತಂಗಿ, ಏನಿದು ಗದ್ದಲ? ಈ ವಸಂತಾಬಾಯಿ ಯಾರು?”

“ಅಯ್ಯ, ಅಲ್ಲಿಗೂ ಮುಟ್ಟೇತೇನು?” ನಿಷತ ಬಾಯಿಗೆ ಕೈ ಹಿಡಿದಳು. “ಮುಂಜಾನಿ ನಮ್ಮವ್ವ ಫೋನ್ ಮಾಡಿ, ಇಂಡ್ಯಾಗ ಯಾರೋ ಇಬ್ಬರು ಮುದುಕರು ವಸಂತಾಬಾಯಿ ಸಲುವಾಗಿ ಬಡದಾಡ್ಯಾರ, ಆಕಿದೊಂದು ಪ್ಲಾಟ್ ಬ್ಯಾರೆ ಐತಂತ ಅಂದ್ಲು. ನಾ ನಕ್ಕು ಬಿಟ್ಟೆ. ಅದು ನಮ್ಮ ವಸಾಹತುಶಾಹಿ ಅಂತ ಈಗ ತಿಳೀತು ನೋಡ್ರಿ!”

ಆಮೇಲೆ ಅವಳು ಫಾರ್ಮು, ಖಾನೆ, ಸಭೆ ಎಲ್ಲವನ್ನೂ ಬಾಗೇವಾಡಿಯ ಮಾತಿನಲ್ಲಿ ಬಿಡಿಸಿ ಹೇಳಿದಳು. ಇಬ್ಬರು ಮರ್ಯಾದಸ್ಥರು ಒಂದು ದಿನವಿಡೀ ಹೇಳಿ ನಂಬಿಸಲಾಗದ್ದನ್ನು ಬಳೆಗಾರನ ಮಗಳು ಎರಡು ನಿಮಿಷದಲ್ಲಿ ನಂಬಿಸಿದಳು. ಸಾಹೇಬರು ಪೆನ್ನಿನ ಕ್ಯಾಪು ಹಾಕಿದರು. ಸಗೀರಾ ಮತ್ತು ಇಂದುಬಾಯಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾಕೂಬಸಾಬರು ಅಲ್ಲಾನ ಹೆಸರು ಹೇಳಿ ಹಣೆ ಒರೆಸಿಕೊಂಡರು.

ಆದರೆ ರೇಣವ್ವ ಎದ್ದಿರಲಿಲ್ಲ.

“ಹಂಗಾದ್ರ ಜಗಳಾ ಸುಳ್ಳು.”

“ಸುಳ್ಳ್ರಿ ಆಯಿ.”

“ನೀ ಇಷ್ಟ ಚಂದ ಸುಳ್ಳ ಹೇಳಬಲ್ಲಿ ಅಂತ ನನಗ ಗೊತ್ತಿರಲಿಲ್ಲ, ಯಾಕೂಬ.” ಮುದುಕಿಯ ಧ್ವನಿ ಏರಲಿಲ್ಲ. “ಇಡೀ ಓಣಿ ನಂಬಿತು. ಮೂರು ತಾಲೂಕಾ ನಂಬಿದವು. ಹಂಗಂದ ಮ್ಯಾಲ, ಹುಡುಗಿ ಬಗ್ಗೆ ನನಗ ಹೇಳಿದ್ದು?”

ಇಪ್ಪತ್ತಾರು ವರ್ಷ ಯಾಕೂಬಸಾಬರು ‘ಬಸ್ಸು ಬರುತ್ತದೆ’ ಎಂದರೆ ಜನ ಗಂಟು ಇಳಿಸಿ ಕುಳಿತುಕೊಳ್ಳುತ್ತಿದ್ದರು. ಇವತ್ತು ಅವರ ಮಾತಿನ ಮೇಲೆ ಕುಳಿತುಕೊಳ್ಳುವವರು ಯಾರೂ ಇರಲಿಲ್ಲ. ಮಾಸ್ತರರು ಅವರ ಕಡೆ ನೋಡಲಿಲ್ಲ. ನೆಲ ನೋಡುತ್ತಿದ್ದರು, ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಕಂಬದ ಹತ್ತಿರದಿಂದ ಸುನಂದಾ ಮುಂದೆ ಬಂದಳು. “ಆಯಿ, ಕಾಕಾ ನನ್ನ ಬಗ್ಗೆ ಏನೇನ ಹೇಳ್ಯಾರ್ರಿ?”

“ಅಡಿಗಿ ಅಂದ್ರ ಬೆರಳ ಚೀಪಬೇಕು. ಮಾತು ಮೆತ್ತಗ. ಸಿಟ್ಟ ಅನ್ನೋದ ಗೊತ್ತಿಲ್ಲ.”

“ಮೂರೂ ಸುಳ್ಳ ಅದಾವ್ರಿ.”

“ಏ ಸುನಂದಾ!” ಎಂದಳು ಇಂದುಬಾಯಿ.

“ಇರ್ಲಿ ಬಿಡವ್ವಾ. ನಾ ಮಾಡಿದ ಸಾರು ನಾನ ಉಣ್ಣಂಗಿಲ್ಲ, ಹಾಸ್ಟೆಲಿನ ಊಟಾ ತರಸ್ತೇನಿ. ನಲವತ್ತ ಮಂದಿ ವಾರ್ಡಿನ್ಯಾಗ ಮೆತ್ತಗ ಮಾತಾಡಿದ್ರ ಯಾರಿಗಿ ಕೇಳಸ್ತೈತಿ? ಒದರತೇನಿ. ಸಿಟ್ಟಂತೂ ಮೂಗಿನ ತುದಿಗೈತಿ. ಈಗೂ ಬಂದೈತಿ. ಕಾಕಾ ಮ್ಯಾಲ ಬಂದೈತಿ, ಅಪ್ಪನ ಮ್ಯಾಲ ಬಂದೈತಿ. ನನ್ನ ಹೆಸರು ಕೇಳಿ ನೋಡಾಕ ಬರೋದರಕಿಂತ ಮೊದಲ, ಯಾವಳೋ ಇಲ್ಲದಾಕಿ ಹೆಸರಿನ ಹಿಂದ ನೀವೂ ಓಡಿ ಬಂದ್ರೆಲ್ಲ, ನಿಮ್ಮ ಮ್ಯಾಲೂ ಬಂದೈತಿ.”

ಹಾಜಿಮಲಂಗ ಟೋಪಿ ತೆಗೆದ, ಯಾಕೆಂದು ಅವನಿಗೂ ಗೊತ್ತಿರಲಿಲ್ಲ.

ರೇಣವ್ವ ಸುನಂದಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನಮ್ಮ ಮನ್ಯಾಗ ಅಡಿಗಿ ಮಾಡಾಕ ನಾ ಅದೇನಿ. ಮೆತ್ತಗ ಮಾತಾಡಾಕ ಇಂವ ಅದಾನ,” ಎಂದು ಕೋಲಿನಿಂದ ಮೊಮ್ಮಗನನ್ನು ತೋರಿಸಿದಳು. “ಒದರವರ ಕೊರತಿ ಐತಿ ನೋಡು. ನನ್ನ ಗಂಟಲ ಹೋಗಾಕತ್ತೈತಿ. ಏನೋ ಅನೀಲ?”

ಅನೀಲಕುಮಾರ ಆ ದಿನದ ತನ್ನ ಏಕೈಕ ಮಾತನ್ನು ಆಡಿದ. “ನನಗೂ ಸಾರು ಮಾಡಾಕ ಬರ್ತೈತ್ರಿ,” ಎಂದ, ಸುನಂದಾಳಿಗೆ.

ಸುನಂದಾ ಚೀಲವನ್ನು ಕೆಳಗಿಟ್ಟಳು.

“ಆದ್ರ ಯಾಕೂಬ,” ಎಂದಳು ರೇಣವ್ವ ಏಳುತ್ತ, “ಹುಡುಗಿ ಖರೇ ಚಲೋ ಇದ್ದಾಗ ಮ್ಯಾಲ ಸುಳ್ಳಿನ ಬಣ್ಣಾ ಯಾಕ ಬಳಿತಿ? ಊರಾಗ ಜಗಳಾ ಇಲ್ಲಂದ್ರ ಇಲ್ಲ ಅಂತ ಹೇಳು. ನಾಚಿಕಿ ಏನೈತಿ ಅದರಾಗ?”

“ತಪ್ಪಾತ್ರಿ ಆಯಿ,” ಎಂದರು ಯಾಕೂಬಸಾಬರು. ಆಮೇಲೆ ಮಾಸ್ತರರ ಕಡೆ ತಿರುಗಿ, ಇನ್ನೂ ಸಣ್ಣ ಧ್ವನಿಯಲ್ಲಿ, “ತಪ್ಪಾತೋ ಗುರಪ್ಪಾ,” ಎಂದರು. ಮಾಸ್ತರರು ನೆಲ ನೋಡುವುದನ್ನು ಬಿಟ್ಟು ಪಕ್ಕದ ಕುರ್ಚಿಯ ಮೇಲಿನ ಧೂಳು ಝಾಡಿಸಿದರು. ಯಾಕೂಬಸಾಬರು ಅದರಲ್ಲಿ ಕುಳಿತರು.

ಫೋನಿನಿಂದ ಧ್ವನಿ ಬಂತು. ಅದು ಚಾಲೂ ಇದೆಯೆಂಬುದನ್ನೇ ಎಲ್ಲರೂ ಮರೆತಿದ್ದರು.

“ಆಯಿ, ನಿಮಗ ಮೂರು ನಿಮಿಷ ಕೊಟ್ಟಿದ್ದೆ, ಇಪ್ಪತ್ತು ಆಗ್ಯಾವು. ಒಬ್ಬರೂ ಎದ್ದಿಲ್ಲ. ನಾ ಒಂದೊಂದ ಮಾತೂ ಇಂಗ್ಲಿಷಿನ್ಯಾಗ ಹೇಳಾಕತ್ತಿದ್ದೆ. ಕೀನ್ಯಾದಾಕಿ ಮದುವಿ ಯಾವಾಗ ಅಂತ ಕೇಳಾಕತ್ತಾಳ. ಪೆರು ದೇಶದಾಂವ, ತಮ್ಮ ಊರಾಗೂ ಜಗಳಾ ಇರಲಿಲ್ಲ, ಖಾನಿ ತುಂಬಾಕಂತ ತಾನೂ ಒಂದ ಹುಟ್ಟಸೀನಿ ಅಂತ ಒಪ್ಪಗೊಂಡಾನ.”

“ಖಾನಿ ಏನ ಮಾಡತೀರಿ ಮೇಡಂ?” ಎಂದು ಯಾಕೂಬಸಾಬರು ಭಯದಿಂದ ಕೇಳಿದರು.

“ಖಾಲಿ ಬಿಡತೇನ್ರಿ ಕಾಕಾ. ಮುಂದ ಹೋಗಲಿಲ್ಲಂದ್ರ ಫಾರ್ಮ ಬದಲಿ ಮಾಡಸ್ತೇನಿ. ನಮಗೇನ ಬೇಕಂತ ಕೇಳಲಾರದ ಎಲ್ಲೋ ಕುಂತಾವರು ಮಾಡಿದ ಖಾನಿ, ಅದನ್ನ ತುಂಬಾಕ ನಾವು ಬಡದಾಡೋದಂದ್ರ, ಅದ ಮತ್ತ…” ಅವಳು ನಕ್ಕಳು. “ಬ್ಯಾಡ ಬಿಡ್ರಿ, ಆ ಹೆಸರ ಇನ್ನ ಸ್ಟೇಶನ್‌ದಾಗ ತಗೀಬ್ಯಾಡ್ರಿ.”

ಸಾಹೇಬರು ಎಲ್ಲರಿಗೂ ಚಹಾ ತರಿಸಿದರು. ಶಾಂತಿಸಭೆ ಶಾಂತಿಯಿಂದಲೇ ಮುಗಿದ ಬಗ್ಗೆ ಅವರಿಗೆ ನಂಬಿಕೆ ಬರಲು ಎರಡು ಕಪ್ಪು ಬೇಕಾದವು.

ರೇಣವ್ವ ಮತ್ತು ಅನೀಲಕುಮಾರ ಮಾಸ್ತರರ ಮನೆಯಲ್ಲಿ ಅವಲಕ್ಕಿ ತಿಂದು, ಸುನಂದಾಳಿಗೆ ಸೀರೆ ಉಡಿಸಿ, ಐದೂಮುಕ್ಕಾಲರ ಬಸ್ಸಿಗೆ ಹೊರಟರು. ಯಾಕೂಬಸಾಬರೇ ಹೋಗಿ ಕಿಟಕಿ ಪಕ್ಕದ ಸೀಟು ಹಿಡಿದು ಕೊಟ್ಟರು. ವಾಪಸು ಬಂದಾಗ ಓಣಿಯಲ್ಲಿ ಇನ್ನೂ ಬಿಸಿಲಿತ್ತು. ಮಾಸ್ತರರ ಕಟ್ಟೆಯ ಮೇಲೆ ಸಗೀರಾ, ಇಂದುಬಾಯಿ ಕುಳಿತಿದ್ದರು. ಮುಂದೆ ಮಾಸ್ತರರು ನಿಂತಿದ್ದರು. ಅವರ ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟಿತ್ತು.

ಯಾಕೂಬಸಾಬರು ಹೋಗಿ ಆ ಜಾಗದಲ್ಲಿ ನಿಂತರು.

“ಹಂಗಾರ ವಸಂತಾಬಾಯಿ ಅನ್ನಾಕಿ ಖರೇನ ಇಲ್ಲ?” ಎಂದು ಸಗೀರಾ ಮೃದುವಾಗಿ ಕೇಳಿದಳು.

“ಅಲ್ಲಾನ ಆಣಿ, ಇಲ್ಲ.”

“ಎಲ್ಲೂ ಇಲ್ಲ?”

“ಎಲ್ಲೂ ಇಲ್ಲ.”

ಸಗೀರಾ ಇಂದುಬಾಯಿಯ ಕಡೆ ನೋಡಿದಳು. ಅವಳ ಮುಖದಲ್ಲಿ ಸಮಾಧಾನಕ್ಕಿಂತ ಹೆಚ್ಚಾಗಿ ನಷ್ಟ ಕಾಣುತ್ತಿತ್ತು. “ಕೇಳಿದ್ರೇನಕ್ಕಾ? ನಾವಿಬ್ಬರೂ ಕದ ಹಾಕ್ಕೊಂಡು ನಿನ್ನಿ ಮಧ್ಯಾಹ್ನದಿಂದ ಕುಂತು ಆಕೀಗಿ ಬೈಯಾಕಂತ ಎಷ್ಟ ಮಾತ ಜೋಡಿಸಿ ಇಟ್ಟಿದ್ವಿ. ಒಂದಕಿಂತ ಒಂದ ಚಂದ ಮಾತು. ಅವನ್ನೆಲ್ಲಾ ಈಗ ಎಲ್ಲಿ ಒಯ್ದ ಇಡೋದು?”

“ಒಣಗಿ ಹೋಗತಾವ,” ಎಂದಳು ಇಂದುಬಾಯಿ ವಿಷಾದದಿಂದ. “ಮೊದಲ ನೀ ಶುರು ಮಾಡು.”

ಸಗೀರಾ ಸೆರಗು ಸರಿಮಾಡಿಕೊಂಡು ಶುರು ಮಾಡಿದಳು. ಅವಳಿಗೆ ಉಸಿರು ಸಾಲದಾದಾಗ ಇಂದುಬಾಯಿ ಮುಂದುವರಿಸಿದಳು. ಎದುರು ಮನೆಯ ಹುಚ್ಚವ್ವ ಈ ಸಲ ಒಂದಕ್ಷರವೂ ತಪ್ಪದಂತೆ ಹತ್ತಿರ ಬಂದು ಕುಳಿತು, ನಡುನಡುವೆ ‘ಹಂಗ ಹೇಳು’ ಎಂದಳು. ಸೂರ್ಯ ಮುಳುಗಿ ಮಗ್ರಿಬಿನ ಬಾಂಗು ಆಗುವ ತನಕ ಇಬ್ಬರು ಶಾಂತಿದೂತರೂ ಕೈಕಟ್ಟಿ, ತಲೆ ತಗ್ಗಿಸಿ, ಸಾಲಾಗಿ ನಿಂತಿದ್ದರು. ಜಗತ್ತಿನ ಯಾವ ದೇಶವೂ ಅಡ್ಡ ಬರಲಿಲ್ಲ.